ಹಿತ್ತಿಲಲ್ಲೊಂದು ಕೊಳ

ಕಿನ್ನಾಳದ ಶಾಲೆಯಲ್ಲಿ ನನ್ನಿಂದ ಇತಿಹಾಸದ ಪಾಠ ಹೇಳಿಸಿಕೊಂಡ ಹುಡುಗನೊಬ್ಬ ದೂರದೂರಿನಲ್ಲಿ ದುಡಿದು, ಈಗ ಊರಿಗೆ ಮರಳಿ ಮನೆ ಕಟ್ಟಿಸುತ್ತಿದ್ದಾನೆ. ನಕ್ಷೆ ತೋರಿಸಲು ಬಂದವನು, "ಗುರುಗಳೆ, ಹಿತ್ತಲದಾಗ ಒಂದು ಈಜುಕೊಳ ಮಾಡಿಸಬೇಕಂತ ಅದೀನ್ರಿ. ಹುಡುಗ್ರು ಆಡ್ತಾವ, ನಮ್ಮವ್ವನೂ ಕಾಲು ಇಳಿಬಿಟ್ಟು ಕೂಡ್ತಾಳ. ಹಂಪ್ಯಾಗಿನ ರಾಣಿ ಸ್ನಾನಗೃಹದ್ಹಂಗ ಇರಬೇಕ್ರಿ" ಎಂದ. ಪಾಠ ಮರೆತಿಲ್ಲವಲ್ಲ ಎಂದು ನನಗೆ ಸಂತೋಷವಾಯಿತು. ಆದರೆ ಆ ಸ್ನಾನಗೃಹದಲ್ಲಿ ರಾಣಿಯರು ನಿಜಕ್ಕೂ ಸ್ನಾನ ಮಾಡುತ್ತಿದ್ದರೆ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿಕೊಳ್ಳುವ ಪ್ರಸಂಗ ಬಂದಿರಲಿಲ್ಲ. ಅದನ್ನು ಈಗ ಕೇಳಿಕೊಳ್ಳೋಣ. ಒಂದು ಸಂಸಾರದ ದಿನಚರಿಗೆ ಹೊಂದುವಂತೆ ನೀರನ್ನು ಮನೆಯ ಬಳಿ ನಿಲ್ಲಿಸುವ ವಿದ್ಯೆಯನ್ನು ನಮ್ಮ ಹಿಂದಿನವರು ಹೇಗೆ ನಡೆಸಿಕೊಂಡು ಬಂದರು ಎಂಬುದೇ ಈ ಬರಹದ ವಿಷಯ.

ಮೊದಲು ಆ ಕಟ್ಟಡ. ಕಮಲಾಪುರದ ಕಡೆಯಿಂದ ಹಂಪೆಗೆ ಹೋಗುವಾಗ, ಅರಮನೆಯ ಆವರಣಕ್ಕಿಂತ ಮೊದಲೇ ಸಿಗುವ ಚೌಕನೆಯ ಕಟ್ಟಡವದು. ಒಂದೊಂದು ಪಕ್ಕ ಸುಮಾರು 30 ಮೀಟರ್. ಹೊರಗಿನಿಂದ ನೋಡಿದರೆ ಬೋಳು ಗೋಡೆ, ಸುತ್ತ ಕಂದಕ. ಒಳಹೊಕ್ಕರೆ ಕಮಾನುಗಳ ಪಡಸಾಲೆ, ಗಾರೆಗೆಲಸದ ಕುಸುರಿ, ನೀರಿನ ಮೇಲೆ ಚಾಚಿಕೊಂಡ ಉಪ್ಪರಿಗೆಗಳು, ನಡುವೆ ಆಕಾಶಕ್ಕೆ ತೆರೆದ ಕೊಳ. ಕೊಳದ ಒಂದು ಪಕ್ಕ ಸುಮಾರು 15 ಮೀಟರ್, ಆಳ 1.8 ಮೀಟರ್, ಅಂದರೆ ಒಂದಾಳು. ಇಂದು ಅದರಲ್ಲಿ ನೀರಿಲ್ಲ. ತುಂಬಿಸಿದರೆ ಸರಿಸುಮಾರು ನಾಲ್ಕು ಲಕ್ಷ ಲೀಟರು ಬೇಕಾದೀತು.

ಈಗ ಯೋಚಿಸಿ. ರಾಣಿವಾಸದ ಹೆಂಗಸರು ಪ್ರತಿದಿನ ಮುಂಜಾನೆ ಅರಮನೆಯ ಆವರಣವನ್ನು ದಾಟಿ ಇಷ್ಟು ದೂರ ಬಂದು, ತಲೆಗೆ ಎಣ್ಣೆ ಹಚ್ಚಿಕೊಂಡು, ಹಿಂಡಿ ತಿಕ್ಕಿಕೊಂಡು, ನಾಲ್ಕು ಲಕ್ಷ ಲೀಟರು ನೀರನ್ನು ಕೆಡಿಸುತ್ತಿದ್ದರು ಎಂದು ನಂಬುವುದು ಕಷ್ಟ. ಆಳವಾದ ನೀರು, ನಾಲ್ಕು ಕಡೆಯಿಂದ ಇಣುಕುವ ಉಪ್ಪರಿಗೆಗಳು. ಅದು ನೋಡುವವರಿಗಾಗಿ ಕಟ್ಟಿದ ಜಾಗ, ವಿಹಾರದ ಜಾಗ. ರಾಣಿಯರ ಹೆಸರು ಜನ ಆಮೇಲೆ ಇಟ್ಟದ್ದು, ಇದು ರಾಜ ಮತ್ತು ಆಸ್ಥಾನದವರ ಜಲಕ್ರೀಡೆಯ ಮಂಟಪವಾಗಿದ್ದಿರಬೇಕು ಎಂದು ಹೇಳುವ ವಿದ್ವಾಂಸರಿದ್ದಾರೆ. ಅವರ ಮಾತೇ ನನಗೆ ಸರಿಯೆನಿಸುತ್ತದೆ. ಹೆಸರುಗಳು ಹೀಗೆಯೇ. ಹಂಪೆಯಲ್ಲಿ ಚಂದವಾಗಿ ಕಂಡುದನ್ನೆಲ್ಲ ಜನ ರಾಣಿಯರಿಗೆ ಬರೆದುಕೊಟ್ಟಿದ್ದಾರೆ. ರಾಣಿಯರು ಎಲ್ಲಿ ಅಡುಗೆ ಉಂಡರು, ಎಲ್ಲಿ ಮಕ್ಕಳಿಗೆ ನೀರೆರೆದರು ಎಂಬುದು ಮಾತ್ರ ಯಾರಿಗೂ ಬೇಕಾಗಿಲ್ಲ.

ನನ್ನ ಶಿಷ್ಯನು ಮಾದರಿಗೆಂದು ನೋಡಬೇಕಾದದ್ದು ಇದಕ್ಕಿಂತ ಮುಂದೆ, ಅರಮನೆಯ ಆವರಣದೊಳಗೇ ಇದೆ. ಮೆಟ್ಟಿಲುಗಳ ಆ ಪುಷ್ಕರಣಿ ಶತಮಾನಗಳ ಕಾಲ ಮಣ್ಣಿನಡಿ ಹೂತುಹೋಗಿತ್ತು. 1980ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರ ಉತ್ಖನನದಲ್ಲಿ ಹೊರಬಂತು. ಸುಮಾರು 22 ಮೀಟರಿನ ಚೌಕ, 7 ಮೀಟರ್ ಆಳ, ಐದು ಅಂತಸ್ತು. ಸುತ್ತಲೂ ಹಂಪೆಯ ಕಣಶಿಲೆ ಹೇರಳವಾಗಿ ಬಿದ್ದಿರುವಾಗ ಇದನ್ನು ಮಾತ್ರ ಕಪ್ಪಗಿನ ನುಣುಪು ಬಳಪದ ಜಾತಿಯ ಕಲ್ಲಿನಲ್ಲಿ ಕಟ್ಟಲಾಗಿದೆ. ಕಲ್ಲುಗಳ ಮೇಲೆ ಅಕ್ಷರಗಳೂ ಅಂಕಿಗಳೂ ಇವೆ: ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು, ಎಷ್ಟನೆಯದು ಎಂಬ ಗುರುತು. ಬೇರೆಲ್ಲೋ ಅಳತೆಗೆ ಕಡಿದು, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದ್ದು. ಇನ್ನೊಂದು ಕಡೆ ಇದ್ದ ಹಳೆಯ ಕೊಳವನ್ನೇ ಬಿಚ್ಚಿ ತಂದಿರಬಹುದು ಎಂಬ ಊಹೆಯೂ ಇದೆ. ಪಕ್ಕದಲ್ಲೇ ಕಲ್ಲಿನ ಕಂಬಗಳ ಮೇಲೆ ಸಾಗುವ ಕಲ್ಲುದೋಣಿಯ ನೀರಗಾಲುವೆ ಇಂದಿಗೂ ನಿಂತಿದೆ. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕ್ ನಯವಾಗಿ ಕಡಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುವುದನ್ನು ಕಂಡು ಬರೆದಿಟ್ಟಿದ್ದಾನೆ.

ಆ ಪುಷ್ಕರಣಿಯ ಮೆಟ್ಟಿಲುಗಳನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಒಂದೇ ಉದ್ದನೆಯ ಸೋಪಾನವಲ್ಲ. ಪ್ರತಿ ಅಂತಸ್ತಿಗೂ ಒಂದು ಅಗಲವಾದ ಜಗುಲಿ, ಜಗುಲಿಯಿಂದ ಜಗುಲಿಗೆ ಎಡಬಲಕ್ಕೆ ಇಳಿಯುವ ಪುಟ್ಟ ಪುಟ್ಟ ಮೆಟ್ಟಿಲ ಗುಂಪುಗಳು. ಮಳೆಗಾಲದಲ್ಲಿ ನೀರು ಮೇಲಿನ ಅಂತಸ್ತಿಗೆ ಬಂದರೂ, ಚೈತ್ರದಲ್ಲಿ ತಳ ಸೇರಿದರೂ, ನೀರಿನ ಅಂಚಿನಲ್ಲಿ ಕೂರಲು ಜಾಗ ಇದ್ದೇ ಇರುತ್ತದೆ. ಯಾವ ಮಟ್ಟದಲ್ಲಿ ಜಾರಿ ಬಿದ್ದರೂ ಕೈಗೆ ಮೆಟ್ಟಿಲೊಂದು ಸಿಗುತ್ತದೆ. ನೋಡಲು ಇದು ರಂಗೋಲಿಯಂತೆ ಚಂದ, ನಿಜ. ನೀರು ಏರಿಳಿಯುತ್ತದೆ, ಮನುಷ್ಯ ಜಾರುತ್ತಾನೆ ಎಂಬ ಎರಡು ಸತ್ಯಗಳನ್ನು ಬಲ್ಲವನ ಲೆಕ್ಕಾಚಾರವೂ ಅದರಲ್ಲಿದೆ. ಇದು ಅರಸರ ಧಾರ್ಮಿಕ ವಿಧಿಗಳಿಗಾಗಿ ಇದ್ದಿರಬೇಕೆಂದು ಹಲವರ ಅಭಿಪ್ರಾಯ. ಇದ್ದಿರಬಹುದು. ಅರಸನ ಮನೆಯಲ್ಲಿ ವಿಧಿಯಾವುದು, ದಿನಚರಿಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ.

ದಿನಚರಿಯ ಬಗ್ಗೆ ನಮಗೆ ದೊರೆತಿರುವ ಚಿತ್ರ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನದು. 1520ರ ಸುಮಾರಿಗೆ ಆತ ಕಂಡು ಬರೆದದ್ದು ರಾಬರ್ಟ್ ಸಿವೆಲ್ಲರ 1900ರ ಗ್ರಂಥದ ಮೂಲಕ ನಮಗೆಲ್ಲ ತಿಳಿಯಿತು. ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎದ್ದು ಮುಕ್ಕಾಲು ಪಿಂಟಿನಷ್ಟು ಎಳ್ಳೆಣ್ಣೆ ಕುಡಿಯುತ್ತಿದ್ದನಂತೆ. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಸಿಕೊಂಡು, ಸೊಂಟಕ್ಕೊಂದು ತುಂಡು ಬಟ್ಟೆ ಕಟ್ಟಿ, ಭಾರವೆತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಸಾಧಕ ಮಾಡುತ್ತಿದ್ದ. ಬಳಿಕ ಕುಸ್ತಿ, ಕುದುರೆ ಸವಾರಿ. ಬೆಳಕು ಹರಿದ ಮೇಲೆ ಸ್ನಾನ. ನೀರೆರೆಯುವವನು ಒಬ್ಬ ಬ್ರಾಹ್ಮಣ. ನೀರು ಎರೆಯುತ್ತಿದ್ದರು ಎಂಬುದನ್ನು ಗಮನಿಸಬೇಕು. ಎಣ್ಣೆ ಮೈಯ ರಾಯ ಕೊಳಕ್ಕೆ ಧುಮುಕಲಿಲ್ಲ.

ಇದೇ ಭೇದವನ್ನು ನಾಲ್ಕು ಶತಮಾನ ಹಿಂದೆಯೇ ನಮ್ಮ ನಾಡಿನ ಒಂದು ಸಂಸ್ಕೃತ ಗ್ರಂಥ ಮಾಡಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯಗಳು, ಇಪ್ಪತ್ತರಂತೆ ಐದು ಭಾಗ. ಸ್ನಾನದ ಮಾತು ಮೂರನೆಯ ಭಾಗವಾದ ಉಪಭೋಗಗಳಲ್ಲಿ ಬರುತ್ತದೆ: ಪರಿಮಳದ ಎಣ್ಣೆ, ಅದನ್ನು ತಿಕ್ಕುವ ಕುಶಲರು, ನೆಲ್ಲಿಯ ಕಲ್ಕ, ಬಿಸಿನೀರು. ನೀರಾಟದ ಮಾತು ಐದನೆಯ ಭಾಗವಾದ ಕ್ರೀಡೆಗಳಲ್ಲಿ ಬರುತ್ತದೆ. ತೊಳೆಯುವ ನೀರು ಬೇರೆ, ಆಡುವ ನೀರು ಬೇರೆ. ಈಗಿನ ಈಜುಕೊಳಗಳಲ್ಲಿ ಇಳಿಯುವ ಮುನ್ನ ಮೈ ತೊಳೆದುಕೊಳ್ಳಿರಿ ಎಂಬ ಫಲಕ ಇರುತ್ತದೆಯಲ್ಲ, ಅದರ ಅರ್ಥವೂ ಇಷ್ಟೇ. ಈ ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿಯೇ, 1112ರಲ್ಲಿ, ಮಹಾದೇವ ದಂಡನಾಯಕನು ನಮ್ಮ ಇಟಗಿಯ ಮಹಾದೇವ ದೇವಾಲಯವನ್ನು ಕಟ್ಟಿಸಿದನು. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿರುವ ಊರು. ಶಾಸನ ಆ ಗುಡಿಯನ್ನು 'ದೇವಾಲಯ ಚಕ್ರವರ್ತಿ' ಎಂದು ಕೊಂಡಾಡಿದೆ. ಬಂದವರೆಲ್ಲ ಗುಡಿಯ ಕಂಬಗಳನ್ನು ಹೊಗಳಿ ಹೋಗುತ್ತಾರೆ. ಎದುರಿನ ಪುಷ್ಕರಣಿಯ ಮೆಟ್ಟಿಲಿಳಿದು ನೋಡುವವರು ಕಡಮೆ. ಹೋದಾಗ ದಯವಿಟ್ಟು ಇಳಿದು ನೋಡಿ. ಗದುಗಿನ ಹತ್ತಿರದ ಲಕ್ಕುಂಡಿಯ ಮುಸುಕಿನ ಬಾವಿಯಂತೂ ನೆಲದೊಳಗೆ ಕಟ್ಟಿದ ಇನ್ನೊಂದು ಗುಡಿಯೇ ಸರಿ.

ಕುಟುಂಬಕ್ಕೆಂದೇ ಕಟ್ಟಿದ ಕೊಳ ಬೇಕೆನ್ನುವವರು ಮಲೆನಾಡಿಗೆ ಹೋಗಬೇಕು. ಹೊಸನಗರ ತಾಲೂಕಿನ ನಗರ, ಅಂದರೆ ಹಳೆಯ ಬಿದನೂರಿನ ಬಳಿ, ಕೆಳದಿ ಅರಸರು ಮಾಡಿಸಿದ ದೇವಗಂಗೆ ಇದೆ. ಒಂದಲ್ಲ, ಬೇರೆ ಬೇರೆ ಆಕಾರದ, ಬೇರೆ ಬೇರೆ ಗಾತ್ರದ ಏಳು ಕೊಳಗಳು. ಬೆಟ್ಟದ ಒರತೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಟುಹೋಗುತ್ತದೆ. ವರ್ಷವಿಡೀ ನಿಂತ ನೀರೇ ಇಲ್ಲ. ಒಂದೇ ದೊಡ್ಡ ಕೊಳ ಮಾಡಿಸುವ ಬದಲು ಏಳಾಗಿ ಹಂಚಿದ್ದರಲ್ಲಿ ನನಗೆ ಒಂದು ಸಂಸಾರದ ಬುದ್ಧಿ ಕಾಣುತ್ತದೆ. ದೊಡ್ಡವರ ನೀರಿಗೂ ಮಗುವಿನ ನೀರಿಗೂ ಆಳ ಒಂದೇ ಆಗಬಾರದಷ್ಟೆ. ವಿಜಾಪುರದ ಹತ್ತಿರದ ಕುಮಟಗಿಯಲ್ಲಿ ಆದಿಲಶಾಹಿಗಳು ಮಾಡಿಸಿದ ಬೇಸಗೆಯ ಮಹಲುಗಳೂ ಇವೆ. ಅಲ್ಲಿ ಕೆರೆಯ ನೀರನ್ನು ಎತ್ತರಕ್ಕೇರಿಸಿ, ಕೊಳವೆಗಳಲ್ಲಿ ಹರಿಸಿ, ಛಾವಣಿಯಿಂದ ಮಳೆಯಂತೆ ಸುರಿಸುವ ಏರ್ಪಾಡಿತ್ತು. ಬಿಸಿಲುನಾಡಿನ ಬುದ್ಧಿ ಅದು: ಈಜುವಷ್ಟು ನೀರಿಲ್ಲವಾದರೆ ನೆನೆಯುವಷ್ಟಾದರೂ ಇರಲಿ.

ಅರಸರ ಮಾತಾಯಿತು. ನಮ್ಮ ನಿಮ್ಮ ಮನೆಗಳ ಕಥೆಯೇನು?

ಕಿನ್ನಾಳ, ಕೊಪ್ಪಳದ ಕಡೆಯ ಹಳೆಯ ಮನೆಗಳಲ್ಲಿ ನೀರಿನ ಜಾಗ ಹಿತ್ತಿಲು. ಅನುಕೂಲವಿದ್ದವರ ವಾಡೆಗಳಲ್ಲಿ ಹಿತ್ತಿಲ ಬಾವಿ, ಬಾವಿಯ ಪಕ್ಕ ಕಲ್ಲಿನ ಡೋಣಿ, ಅದರಾಚೆ ಬಚ್ಚಲು. ಬಚ್ಚಲ ನೀರು ಬಾಳೆಯ ಬುಡಕ್ಕೋ ಕರಿಬೇವಿನ ಗಿಡಕ್ಕೋ ಹೋಗುತ್ತಿತ್ತು. ಇದರಲ್ಲೂ ಒಂದು ಯೋಜನೆಯಿದೆ: ಸೇದುವ ನೀರು ಮೇಲೆ, ಬಳಸಿದ ನೀರು ಕೆಳಗೆ, ಎರಡೂ ಎಲ್ಲಿಯೂ ಕೂಡಬಾರದು. ದೀಪಾವಳಿಗೆ ನೀರು ತುಂಬುವ ಹಬ್ಬವೆಂದೇ ಒಂದು ದಿನ. ಬಚ್ಚಲು ಸಾರಿಸಿ, ಹಂಡೆ ತಿಕ್ಕಿ ಬೆಳಗಿ, ಅದರ ಕೊರಳಿಗೆ ಬಳ್ಳಿ ಸುತ್ತಿ ಪೂಜಿಸುತ್ತಿದ್ದರು. ತಾಮ್ರದ ಹಂಡೆಯೊಂದಕ್ಕೆ ದೇವರ ಮರ್ಯಾದೆ. ನಮ್ಮ ಚಿತ್ರಗಾರರು ಮರದಲ್ಲಿ ಕಡಿದು, ಹುಣಸೆಬೀಜದ ಅಂಟು ಬಳಿದು, ಬಣ್ಣ ಹಚ್ಚುವ ಕಿನ್ನಾಳದ ಮೂರ್ತಿಗಳಿಗೆ ಮಾತ್ರ ನೀರು ಸೋಂಕಬಾರದು. ಊರೆಲ್ಲ ಎಣ್ಣೆನೀರು ಮಾಡಿಕೊಳ್ಳುವ ದಿನವೂ ಅವು ಒಣಬಟ್ಟೆಯಲ್ಲೇ ಒರೆಸಿಕೊಳ್ಳಬೇಕು.

ಆದರೆ ಈ ಹಂಡೆ ತುಂಬುತ್ತಿದ್ದವರು ಯಾರು? ಹಗ್ಗ ಹಿಡಿದು ಸೇದುತ್ತಿದ್ದವರು ಮನೆಯ ಹೆಣ್ಣುಮಕ್ಕಳು, ಇಲ್ಲವೆ ಆಳುಗಳು. ಬಾವಿಯನ್ನು ಮುಟ್ಟುವ ಹಕ್ಕೇ ಇಲ್ಲದವರು ದೂರ ನಿಂತು, ಯಾರಾದರೂ ಎತ್ತಿ ಹೊಯ್ದಾರೆಂದು ಕಾಯುತ್ತಿದ್ದರು. ಬಾಬಾಸಾಹೇಬ ಅಂಬೇಡ್ಕರರು 1927ರ ಮಾರ್ಚ್‌ನಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿಕೊಂಡದ್ದು ಇಡೀ ದೇಶಕ್ಕೆ ಸುದ್ದಿಯಾಯಿತೆಂದರೆ, ನೀರಿನ ಸುತ್ತ ಎಂಥ ಗೋಡೆಗಳಿದ್ದವು ಎಂಬುದನ್ನು ಊಹಿಸಬಹುದು. ಪುಷ್ಕರಣಿಗಳ ಸೊಗಸನ್ನು ವರ್ಣಿಸುವಾಗ ಇದನ್ನು ಬಿಟ್ಟು ಬರೆದರೆ ಅದು ಇತಿಹಾಸವಾಗದು.

ನಮ್ಮ ಕಡೆ ಊರಿಗೆಲ್ಲ ಸೇರಿದ ಇನ್ನೊಂದು ಕೊಳವುಂಟು, ಓಕಳಿ ಹೊಂಡ. ಹನುಮಪ್ಪನ ಗುಡಿಯ ಮುಂದೆ ಚೌಕಾಕಾರದ ಗುಂಡಿ. ಬೇಸಗೆಯಲ್ಲಿ ಓಕಳಿಯ ದಿನ ಅದಕ್ಕೆ ನೀರು ತುಂಬಿಸುತ್ತಾರೆ. ಗಂಡಾಳುಗಳು ಅದರೊಳಗಿಳಿದು ನೀರೆರಚುತ್ತಾರೆ. ಬಿರುಬೇಸಗೆಯಲ್ಲಿ ಊರ ಹುಡುಗರಿಗೆ ಅದಕ್ಕಿಂತ ದೊಡ್ಡ ಸಂಭ್ರಮವಿಲ್ಲ. ಆದರೂ ಆ ಸಂಭ್ರಮದ ಅಡಿಯಲ್ಲಿ ಒಂದು ನೋವಿನ ಕಥೆಯೂ ಇದೆ. ಹಲವು ಊರುಗಳಲ್ಲಿ ನೀರು ಎರಚಿಸಿಕೊಳ್ಳಲು ನಿಲ್ಲಬೇಕಾಗಿದ್ದವರು ದೇವರಿಗೆ ಬಿಟ್ಟ ಹೆಣ್ಣುಮಕ್ಕಳು. ಒದ್ದೆ ಸೀರೆಯಲ್ಲಿ ಅವರನ್ನು ಊರೆಲ್ಲ ನೋಡಿ ನಗುತ್ತಿತ್ತು. 1982ರ ದೇವದಾಸಿ ನಿಷೇಧ ಕಾಯಿದೆ, ಆ ಹೆಣ್ಣುಮಕ್ಕಳದೇ ಸಂಘಟನೆಗಳು, ಹೋರಾಟಗಾರರ ವಿರೋಧ ಇವೆಲ್ಲ ಸೇರಿ ಅದನ್ನು ತಡೆಯಬೇಕಾಯಿತು. ಹೊಂಡ ಉಳಿಯಲಿ, ಹುಡುಗರ ಆಟ ಉಳಿಯಲಿ, ಆ ಪದ್ಧತಿ ಮಾತ್ರ ಎಲ್ಲಿಯೂ ಉಳಿಯಬಾರದು.

ಶಿಷ್ಯನ ನಕ್ಷೆಗೆ ಬರುತ್ತೇನೆ. ಅವನು ಬಯಸಿದ್ದು 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳ. ಹಳೆಯ ಮಾಸ್ತರನಾದ್ದರಿಂದ ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆ. ತುಂಬಲು 38,400 ಲೀಟರು. ಕೇಂದ್ರದ ಜಲಜೀವನ ಮಿಷನ್ 2019ರಲ್ಲಿ ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ ಇಷ್ಟು ಸಿಗಬೇಕೆಂದು ಗೊತ್ತುಮಾಡಿದ ಪ್ರಮಾಣ 55 ಲೀಟರು. ಅಂದರೆ ನಾಲ್ಕು ಜನರ ಮನೆಯೊಂದು ಆರು ತಿಂಗಳಿಗೆ ಹತ್ತಿರ ಬಳಸುವ ನೀರು ಆ ಕೊಳದಲ್ಲಿ ನಿಲ್ಲುತ್ತದೆ. ಅದು ಹೋಗಲಿ, ಒಂದು ಸಲ ತುಂಬಿಸಿದರಾಯಿತು ಎನ್ನೋಣ. ನಮ್ಮದು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ನಾಡು. ಬೇಸಗೆಯ ಬಿಸಿಲಿಗೆ, ಗಾಳಿಗೆ ದಿನಕ್ಕೆ ಏಳು ಮಿಲಿಮೀಟರ್ ಆವಿಯಾದರೂ ಆ ಕೊಳದಿಂದ ದಿನವೂ 224 ಲೀಟರು ಹೋಯಿತು. ನಾಲ್ಕು ಜನರ ಒಂದು ದಿನದ ಪಾಲು ಅಷ್ಟೇ ಆಗುತ್ತದೆ! ಯಾರೂ ಇಳಿಯದಿದ್ದರೂ ಕೊಳವೇ ಒಂದು ಸಂಸಾರದಷ್ಟು ಕುಡಿಯುತ್ತದೆ. ಹಂಪೆಯ ಕೊಳಗಳಿಗೆ ತುಂಗಭದ್ರೆಯ ಕಾಲುವೆಗಳೂ ಕೆರೆಗಳೂ ಬೆನ್ನಿಗಿದ್ದವು, ದೇವಗಂಗೆಗೆ ಮಲೆನಾಡಿನ ಒರತೆ. ನಮ್ಮ ಬೆನ್ನಿಗಿರುವುದು ಕೊಳವೆಬಾವಿ. ಕಿನ್ನಾಳದ ಹತ್ತಿರ ಹರಿಯುವ ಹಿರೇಹಳ್ಳವನ್ನೇ ಹೂಳು, ಜಾಲಿಗಳಿಂದ ಬಿಡಿಸಲು 2019ರಲ್ಲಿ ಗವಿಮಠದ ಶ್ರೀಗಳ ನೇತೃತ್ವದಲ್ಲಿ ಜನ ಗುದ್ದಲಿ ಹಿಡಿಯಬೇಕಾಯಿತು.

ಹಾಗೆಂದು ಕೊಳ ಬೇಡವೆಂದು ನಾನು ಹೇಳಲಿಲ್ಲ. ಚಿಕ್ಕದು ಮಾಡು, ಮಾವಿನ ನೆರಳಿಗೆ ಮಾಡು, ಛಾವಣಿಯ ಮಳೆನೀರು ಸೋಸಿ ಅದಕ್ಕೆ ಬೀಳಲಿ, ಹೊರಹೋಗುವ ನೀರು ತೋಟಕ್ಕೆ ಹೋಗಲಿ, ಒಂದು ಪಕ್ಕ ಪೂರ್ತಿ ಮೆಟ್ಟಿಲಿರಲಿ ಎಂದೆ. ಮೆಟ್ಟಿಲುಗಳ ಮಾತು ಮಾತ್ರ ಎರಡು ಸಲ ಹೇಳಿದೆ. ಅದಕ್ಕೆ ಕಾರಣವಿದೆ.

2014-15ರಲ್ಲಿ ರಾಜ್ಯ ಸರ್ಕಾರ ಕೃಷಿಭಾಗ್ಯ ಯೋಜನೆಯನ್ನು ತಂದ ಮೇಲೆ ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಕೃಷಿಹೊಂಡಗಳು ತೋಡಲ್ಪಟ್ಟವು. ಮಳೆ ಕೈಕೊಟ್ಟಾಗ ಒಂದು ಸಲ ನೀರು ಕೊಟ್ಟು ಬೆಳೆ ಉಳಿಸಿಕೊಳ್ಳಲು ಅವು ಬಹಳ ಉಪಕಾರಿ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವುಗಳ ಆಕಾರ ನೋಡಿ. ನಾಲ್ಕು ಕಡೆಯೂ ಇಳಿಜಾರು, ಮೂರು ಮೀಟರ್ ಆಳ, ನೀರು ಇಂಗದಂತೆ ತಳಕ್ಕೂ ಬದಿಗೂ ಹಾಸಿದ ಪ್ಲಾಸ್ಟಿಕ್ ಹಾಳೆ. ಒದ್ದೆಯಾದ ಆ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಬಲ್ಲ ಈಜುಗಾರನೂ ಹತ್ತಿ ಬರಲಾರ. ಮೆಟ್ಟಿಲಿಲ್ಲ, ಹಿಡಿಯಲು ಬೇರಿಲ್ಲ, ಕಲ್ಲಿಲ್ಲ. ಬೇಲಿ ಹಾಕಿದ ಹೊಂಡಗಳಿಗಿಂತ ಹಾಕದವನ್ನೇ ನಾನು ಹೆಚ್ಚು ಕಂಡಿದ್ದೇನೆ. ಕೊಡ ತುಂಬಲು ಹೋದ ಬಾಲೆ, ಅವಳನ್ನು ಎತ್ತಲು ಇಳಿದ ಅಕ್ಕ, ಇಬ್ಬರನ್ನೂ ಎತ್ತಲು ಇಳಿದ ತಾಯಿ: ಇಂಥ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂದು ಹೋಗುತ್ತದೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಕಾಲುಭಾಗದಷ್ಟು ಐದು ವರ್ಷದೊಳಗಿನ ಮಕ್ಕಳು. ಇವರೆಲ್ಲ ಸಮುದ್ರದಲ್ಲಿ ಸತ್ತವರಲ್ಲ. ಹೆಚ್ಚಿನವರನ್ನು ನುಂಗಿದ್ದು ಮನೆಯ, ಹೊಲದ ಬಳಿಯ ನೀರು.

ನಮ್ಮ ಬಾಲ್ಯದಲ್ಲಿ ಗಂಡುಹುಡುಗರಿಗೆ ಈಜು ಬರುತ್ತಿತ್ತು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹೊಲದ ಬಾವಿಯ ಮೆಟ್ಟಿಲಿಂದ ನೂಕುತ್ತಿದ್ದರು. ಮೂರನೆಯ ದಿನ ಬುರುಡೆ ಬಿಚ್ಚುತ್ತಿದ್ದರು. ಅಕ್ಕತಂಗಿಯರು ದಡದಲ್ಲಿ ನಮ್ಮ ಅಂಗಿಗಳನ್ನು ಹಿಡಿದು ಕೂತಿರುತ್ತಿದ್ದರು. ಅವರನ್ನು ಯಾರೂ ನೂಕಲಿಲ್ಲ. ನೀರು ತರುವ ಕೆಲಸ ಪೂರ್ತಿ ಅವರದು, ನೀರಿನಲ್ಲಿ ತೇಲುವ ವಿದ್ಯೆ ಪೂರ್ತಿ ನಮ್ಮದು. ಇದಕ್ಕಿಂತ ವಿಚಿತ್ರವಾದ ಹಂಚಿಕೆ ಇನ್ನೊಂದಿದೆಯೆ? ಈಗ ಆ ಬಾವಿಗಳೂ ಬತ್ತಿವೆ, ಗಂಡುಮಕ್ಕಳಿಗೂ ಈಜು ಬಾರದು. ನಮ್ಮಲ್ಲಿ ಹಿತ್ತಿಲ ಕೊಳ ಕಟ್ಟಿಸುವ ಶಕ್ತಿಯುಳ್ಳವರು ವಾರಕ್ಕೊಂದು ದಿನ ಓಣಿಯ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಇಳಿಸಿ ಕಲಿಸುವುದಾದರೆ ಆ 224 ಲೀಟರಿನ ಬಗ್ಗೆ ನನ್ನ ತಕರಾರು ಅರ್ಧ ಕಡಮೆಯಾದೀತು.

ಕಳೆದ ಬೇಸಗೆಯಲ್ಲಿ ಕುಷ್ಟಗಿಯ ಕಡೆ ಒಂದು ಹೊಲಕ್ಕೆ ಹೋಗಿದ್ದೆ. ಅಲ್ಲಿಯ ಕೃಷಿಹೊಂಡದ ಒಂದು ಮೂಲೆಯಲ್ಲಿ ಮಣ್ಣು ತುಂಬಿದ ಸಿಮೆಂಟ್ ಚೀಲಗಳನ್ನು ಒಂದರ ಮೇಲೊಂದು ಮೆಟ್ಟಿಲಾಗಿ ಜೋಡಿಸಿದ್ದರು. ಉಳಿದ ಮೂರು ಕಡೆ ದಡದ ಗೂಟಗಳಿಗೆ ಕಟ್ಟಿದ ಹಗ್ಗಗಳು ನೀರಿಗೆ ಇಳಿಬಿದ್ದಿದ್ದವು. ಪ್ರತಿಯೊಂದರ ತುದಿಗೆ ಹಳೆಯ ಟ್ರ್ಯಾಕ್ಟರಿನ ಗಾಳಿ ತುಂಬಿದ ಟ್ಯೂಬು. ಹಗ್ಗಕ್ಕೆ ಗೇಣಿಗೊಂದರಂತೆ ಗಂಟು ಹಾಕಿತ್ತು. ಇಷ್ಟು ಒತ್ತಾಗಿ ಏಕೆ ಎಂದು ಕೇಳಿದೆ. "ಸಣ್ಣ ಹುಡುಗ್ರ ಕೈಗೆ ಸಿಗಲೆಂತ್ರೀ ಸರ" ಎಂದು ಆ ಹೊಲದ ಹೆಣ್ಣುಮಗಳು ಹೇಳಿ, ಚೀಲದ ಮೆಟ್ಟಿಲಿಳಿದು ಕೊಡ ತುಂಬಿಕೊಂಡು ಬಂದಳು.